ಬ್ಯಾಗಲ್ಲಿ ಎರಡು ಅಂಗಿ, ಬಾಯಲ್ಲಿ ಮನೆಮಾತು

ರಜೆ ಸಿಕ್ಕಿದರೆ ನಮ್ಮ ಹುಡುಗರು ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ. ನಾಲ್ಕು ಬೈಕು, ಎಂಟು ಜನ, ಚಿಕ್ಕಮಗಳೂರಿನ ಗುಡ್ಡ ಅಥವಾ ವಯನಾಡಿನ ಘಾಟಿ, ರಾತ್ರಿಯೊಳಗೆ ಒಂದಿಷ್ಟು ಫೋಟೋ. ಕೈಯಲ್ಲಿ ಸ್ವಲ್ಪ ಹೆಚ್ಚು ಕಾಸಿದ್ದವರು ಗೋವಾ ಅನ್ನುತ್ತಾರೆ. ಪಾಸ್‌ಪೋರ್ಟ್ ಆದವರು ದುಬೈಯಲ್ಲಿರುವ ಮಾವನ ರೂಮಿಗೆ ‘ವಿಸಿಟ್’ ಹೋಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಈ ವಾರ ನಾವು ಹೇಳಲು ಹೊರಟಿರುವುದು ಬೇರೆ ತರದ ತಿರುಗಾಟದ ಕಥೆ.

ಮಂಗಳೂರಿನ ಕಾಲೇಜೊಂದರಲ್ಲಿ ಬಿ.ಎ. ಕೊನೆಯ ವರ್ಷದಲ್ಲಿರುವ ಹುಡುಗ. ಶನಿವಾರ, ಭಾನುವಾರ ಮದುವೆ ಹಾಲ್‌ಗಳಲ್ಲಿ ಕ್ಯಾಟರಿಂಗ್‌ನವರ ಜೊತೆ ಬಡಿಸಲು ಹೋಗಿ ಕೂಡಿಟ್ಟ ಹಣದಲ್ಲಿ, ಎರಡು ವರ್ಷದ ರಜೆಗಳಲ್ಲಿ, ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಮೂರು ಸಲ ಕರಾವಳಿ ಸುತ್ತಿ ಬಂದಿದ್ದಾನೆ. ಉತ್ತರಕ್ಕೆ ಭಟ್ಕಳ, ಹೊನ್ನಾವರ. ದಕ್ಷಿಣಕ್ಕೆ ಕಲ್ಲಿಕೋಟೆ, ಪೊನ್ನಾನಿ. ಕೊನೆಗೆ ತಮಿಳುನಾಡಿನ ಕಾಯಲ್‌ಪಟ್ಟಣಂ. “ಹೆಸರು, ಫೋಟೋ ಹಾಕ್ಬೇಡಿ, ಈಗಿನ ಕಾಲ ಒಳ್ಳೆದಿಲ್ಲ” ಎಂದು ಅವನ ಉಮ್ಮ ನಮ್ಮನ್ನು ಕೇಳಿಕೊಂಡಿದ್ದಾರೆ. ಹಾಗಾಗಿ ಇಲ್ಲಿ ಅವನು ಬರೀ ‘ಹುಡುಗ’.

ಅವನು ಮೊದಲ ಸಲ ಹೊರಟಾಗ ರೈಲು, ಊಟ, ಮಳೆ, ಜ್ವರ ಯಾವುದೂ ಆ ಉಮ್ಮನ ಚಿಂತೆಯಾಗಿರಲಿಲ್ಲ. “ದಾರಿಯಲ್ಲಿ ಯಾರಾದ್ರೂ ಹೆಸರು ಕೇಳಿದ್ರೆ ಎಂತ ಹೇಳ್ತಿ?” ಎನ್ನುವುದೊಂದೇ ಅವರ ಪ್ರಶ್ನೆ. ಮಗನನ್ನೋ ಮಗಳನ್ನೋ ದೂರದ ಊರಿಗೆ ಕಳಿಸುವ ನಮ್ಮ ಎಷ್ಟೋ ಮನೆಗಳ ಬಾಗಿಲಲ್ಲಿ ಇದೇ ಪ್ರಶ್ನೆ ನಿಂತಿದೆ. ಮೂರು ಪ್ರಯಾಣ ಮುಗಿಸಿದ ಹುಡುಗನಿಗೆ ಅದಕ್ಕೆ ಏನು ಉತ್ತರ ಸಿಕ್ಕಿತು ಎಂದು ತಿಳಿಯಲು ನಾವು ಅವನ ಮನೆಗೆ ಹೋದೆವು.

ಬಂದರಿನಲ್ಲಿ ಸಿಕ್ಕಿದ ಪ್ರಶ್ನೆ

ಎಲ್ಲ ಶುರುವಾದದ್ದು ನಮ್ಮ ಹಳೇ ಬಂದರಿನಲ್ಲಿ. ಮಳೆಗಾಲ ಕಳೆದು ಮಂಜಿಗಳು ಮತ್ತೆ ಲಕ್ಷದ್ವೀಪಕ್ಕೆ ಹೊರಡುವ ದಿನಗಳು. ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಹೇರಿಕೊಳ್ಳುತ್ತಿದ್ದ ಮಂಜಿಗಳನ್ನು ನೋಡುತ್ತ ಹುಡುಗ ಫೋನಿನಲ್ಲಿ ತಂಗಿಯ ಜೊತೆ ಬ್ಯಾರಿಯಲ್ಲಿ ಮಾತಾಡುತ್ತಿದ್ದ. ಪಕ್ಕದಲ್ಲಿ ಕೂತಿದ್ದ ವಯಸ್ಸಾದವರೊಬ್ಬರು, “ನೀನು ಯಾವ ದ್ವೀಪದವ?” ಎಂದು ಕೇಳಿದರಂತೆ.

ಅವರು ಅಮಿನಿ ದ್ವೀಪದವರು. ಆಸ್ಪತ್ರೆಗೆಂದು ಮಂಗಳೂರಿಗೆ ಬಂದಿದ್ದರು. ಅವರಾಡುವ ಜೆಸರಿ ಮಾತು ಇವನಿಗೆ ಮುಕ್ಕಾಲು ಅರ್ಥವಾಯಿತು. ಇವನ ಬ್ಯಾರಿ ಅವರಿಗೆ ಅದಕ್ಕಿಂತ ಹೆಚ್ಚು ಅರ್ಥವಾಯಿತು. ಕಾಲೇಜಿನಲ್ಲಿ ‘ನಿನ್ನ ಕನ್ನಡದಲ್ಲಿ ಬ್ಯಾರಿ ವಾಸನೆ ಬರ್ತದೆ’ ಎಂದು ನಗುತ್ತಿದ್ದ ಕಾರಣಕ್ಕೆ, ಕ್ಯಾಂಪಸ್‌ನೊಳಗೆ ಇರುವಾಗ ಮನೆಯಿಂದ ಫೋನ್ ಬಂದರೆ ಕಟ್ ಮಾಡುತ್ತಿದ್ದ ಹುಡುಗ ಇವನು. ಸಮುದ್ರದಾಚೆಯ ಒಬ್ಬರು ಅದೇ ಮಾತು ಕೇಳಿ ತಮ್ಮವನೆಂದು ತಿಳಿದುಕೊಂಡದ್ದು ಅವನನ್ನು ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲವಂತೆ.

ಆ ಹಿರಿಯರೇ ಇನ್ನೊಂದು ಸಂಗತಿ ಹೇಳಿದರು: “ನಾವು ಮೊದಲು ನಿಮ್ಮ ಜಿಲ್ಲೆಯವರೇ ಅಲ್ವಾ!” ಹುಡುಗ ಹೋಗಿ ಪುಸ್ತಕ ತಿರುವಿ ನೋಡಿದ. ಮಾತು ನಿಜ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು ಮೊದಲು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು, ಆಮೇಲೆ ಟಿಪ್ಪು ಸುಲ್ತಾನನಿಗೆ ಸೇರಿದವು. 1799ರಲ್ಲಿ ಟಿಪ್ಪುವಿನ ಪತನದ ನಂತರ ಅವು ಬ್ರಿಟಿಷರ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿಕೊಂಡವು. 1956ರ ನವೆಂಬರ್ 1ರಂದು ದ್ವೀಪಗಳೆಲ್ಲ ಸೇರಿ ಕೇಂದ್ರಾಡಳಿತ ಪ್ರದೇಶ ಆಗುವವರೆಗೆ ಮಂಗಳೂರೇ ಅವರ ಜಿಲ್ಲಾ ಕೇಂದ್ರ. ನಮ್ಮ ಶಾಲೆಯ ಪಾಠದಲ್ಲಿ ಇದು ಯಾರಿಗೂ ಸಿಕ್ಕಿದ್ದಲ್ಲ, ಬಂದರಿನ ಕಟ್ಟೆಯಲ್ಲಿ ಸಿಕ್ಕಿತು.

ಅದೇ ಮಂಜಿಯಲ್ಲಿ ಕೆಲಸಕ್ಕಿದ್ದ ತೂತ್ತುಕುಡಿ ಕಡೆಯ ಒಬ್ಬ ಅಣ್ಣ ಮಾತಿಗೆ ಬಾಯಿ ಹಾಕಿದ. “ನಮ್ಮ ಕಡೆ ಕಾಯಲ್‌ಪಟ್ಟಣಂ ಅಂತ ಇದೆ. ಅಲ್ಲೂ ಪಳ್ಳಿ, ನೋನ್ಬು, ಪೆರುನಾಳ್ ಅಂತಲೇ ಹೇಳೋದು. ಒಮ್ಮೆ ಬಾ.” ದ್ವೀಪಕ್ಕೆ ಹೋಗಲು ಪ್ರವೇಶ ಪರ್ಮಿಟ್ ಬೇಕು, ಅದು ಕೂಡಲೇ ಆಗುವ ಕೆಲಸವಲ್ಲ. ದ್ವೀಪ ಆಗದಿದ್ದರೆ ದಡ ಆಗಲಿ ಎಂದು ಹುಡುಗ ಕರಾವಳಿ ಹಿಡಿದ.

ಹೊನ್ನಾವರದ 13 ಶಾಲೆಗಳು

ಮೊದಲ ಪ್ರಯಾಣ ಮಡಗಾಂವ್ ಕಡೆಗೆ ಹೋಗುವ ರೈಲಿನಲ್ಲಿ, ಭಟ್ಕಳಕ್ಕೆ. ಬ್ಯಾಗಿನಲ್ಲಿ ಎರಡು ಅಂಗಿ, ಒಂದು ಲುಂಗಿ, ಮುಸಲ್ಲಾ, ಉಮ್ಮ ತುಂಬಿಕೊಟ್ಟ ಪತ್ತಿರ್ ಮತ್ತು ಇಬ್ನ್ ಬತೂತರ ಪ್ರವಾಸದ ಕಥೆಯ ಪುಸ್ತಕ. 1325ರಲ್ಲಿ ಟ್ಯಾಂಜಿಯರ್‌ನಿಂದ ಒಬ್ಬನೇ ಹೊರಟಾಗ ಇಬ್ನ್ ಬತೂತನಿಗೆ 21 ವರ್ಷ. ಇವನದ್ದೂ ಹೆಚ್ಚುಕಡಿಮೆ ಅದೇ ಪ್ರಾಯ. “ಅವರಿಗೆ ವಾಪಸ್ ಬರಲು 24 ವರ್ಷ ಹಿಡಿಯಿತು, ನಾನು ನಾಲ್ಕು ದಿನದಲ್ಲಿ ಬರ್ತೇನೆ ಅಂತ ಉಮ್ಮನಿಗೆ ಹೇಳಿದೆ. ಉಮ್ಮನಿಗೆ ತಮಾಷೆ ಹಿಡಿಸ್ಲಿಲ್ಲ” ಎನ್ನುತ್ತಾನೆ ಹುಡುಗ.

ಭಟ್ಕಳದಲ್ಲಿ ಅವನ ಬ್ಯಾರಿ ನಡೆಯಲಿಲ್ಲ. ಅಲ್ಲಿನ ನವಾಯತರ ನವಾಯತಿ ಕೊಂಕಣಿಯ ಬಳಗದ್ದು, ಅದರಲ್ಲಿ ಅರಬಿ, ಫಾರ್ಸಿ ಪದಗಳು ಬೆರೆತಿವೆ, ಬರೆಯುವುದು ಉರ್ದು ಲಿಪಿಯಲ್ಲಿ. ಆದರೂ ಒಂದು ಗುರುತು ಸಿಕ್ಕಿತು. ಅಲ್ಲಿನ ಜಾಮಿಯಾ ಮಸೀದಿಗೆ ಊರವರ ಬಾಯಲ್ಲಿ ‘ಚಿನ್ನದ ಪಳ್ಳಿ’ ಎಂದೇ ಹೆಸರು. ಮಗ್ರಿಬ್ ನಮಾಜ್ ಮುಗಿಸಿ ಹೊರಗೆ ನಿಂತಿದ್ದವನನ್ನು ಬ್ಯಾಗ್ ನೋಡಿಯೇ ಪರವೂರವನೆಂದು ಗುರುತು ಹಿಡಿದು ಒಬ್ಬರು ಮನೆಗೆ ಕರೆದುಕೊಂಡು ಹೋದರು. ಶಾವಿಗೆಯ ಬಿರಿಯಾನಿ ಬಡಿಸಿದರು. ಅವನ ಕಣ್ಣಿಗೆ ಬಿದ್ದದ್ದು ಊಟಕ್ಕಿಂತ ಆ ಮನೆಯ ಮಕ್ಕಳು. ಇಂಗ್ಲಿಷ್ ಮೀಡಿಯಂ ಶಾಲೆಯ ಪುಸ್ತಕ ಮುಂದಿಟ್ಟುಕೊಂಡೇ ಅಜ್ಜಿಯ ಜೊತೆ ನವಾಯತಿಯಲ್ಲಿ ಜಗಳ ಆಡುತ್ತಿದ್ದವು. “ನಮ್ಮಲ್ಲಿ ಮಕ್ಕಳು ಕನ್ನಡ, ಇಂಗ್ಲಿಷಲ್ಲಿ ಉತ್ತರ ಕೊಡ್ತಾರೆ. ಉಮ್ಮಂದಿರು ಖುಷಿಯಲ್ಲಿ ಕೇಳ್ತಾರೆ” ಎಂದು ಹುಡುಗ ಹೇಳುವಾಗ ಬಾಗಿಲ ಹತ್ತಿರ ನಿಂತಿದ್ದ ಅವನ ಉಮ್ಮ ಏನೂ ಮಾತಾಡಲಿಲ್ಲ.

ಮರುದಿನ ಬಸ್ಸಿನಲ್ಲಿ ಹೊನ್ನಾವರ. ಇಬ್ನ್ ಬತೂತ 1340ರ ದಶಕದಲ್ಲಿ ಆ ಊರಿಗೆ ಬಂದಿದ್ದರು. ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆ, ಇಂಥದ್ದನ್ನು ಬೇರೆಲ್ಲೂ ನೋಡಲಿಲ್ಲ ಎಂಬರ್ಥದಲ್ಲಿ ಬರೆದಿಟ್ಟಿದ್ದಾರೆ. ಅಲ್ಲಿನ ಹೆಂಗಸರು ಕುರ್‌ಆನ್ ಬಾಯಿಪಾಠ ಕಲಿತವರು ಎಂದೂ ಬರೆದಿದ್ದಾರೆ. ಹುಡುಗಿಯರನ್ನು ಓದಿಸಬೇಕೋ ಬೇಡವೋ ಎಂದು ನಮ್ಮ ಮನೆಗಳಲ್ಲಿ ಮೊನ್ನೆಮೊನ್ನೆವರೆಗೆ ಚರ್ಚೆ ನಡೆಯುತ್ತಿತ್ತು. ನಮ್ಮದೇ ಕರಾವಳಿಯಲ್ಲಿ ಸುಮಾರು 680 ವರ್ಷದ ಹಿಂದೆ ಅದು ಚರ್ಚೆಯ ವಿಷಯವೇ ಆಗಿರಲಿಲ್ಲ.

ಹುಡುಗ ಶರಾವತಿಯ ದಂಡೆಯಲ್ಲಿ ಆ ಶಾಲೆಗಳ ಗುರುತು ಹುಡುಕಿದ. ಮೀನು ಮಾರಿ ಬುಟ್ಟಿ ಖಾಲಿ ಮಾಡಿಕೊಂಡು ಬರುತ್ತಿದ್ದ ಅಮ್ಮ ಒಬ್ಬರು, “ಎಂತ ಹುಡುಕ್ತೆ ತಮಾ?” ಎಂದು ಕೇಳಿದರು. ಹಳೇ ಕಾಲದ ಹುಡುಗಿಯರ ಶಾಲೆ ಎಂದ. ಅವರು ಬುಟ್ಟಿ ಇಳಿಸಿ, ಬಸ್‌ಸ್ಟ್ಯಾಂಡಿನ ಕಡೆ ಕೈ ತೋರಿಸಿ, “ಹಳೇದು ಎಂತಕ್ಕೆ? ಸಂಜೆ ನಾಲ್ಕಕ್ಕೆ ಅಲ್ಲಿ ನಿಂತ್ಕೋ, ಎಷ್ಟು ಬೇಕು ಅಷ್ಟು ಹುಡುಗೀರು ಶಾಲೆಯಿಂದ ಬರ್ತೋ” ಎಂದರಂತೆ. ಇವನು ನಿಜವಾಗಿಯೂ ಹೋಗಿ ನಿಂತ. ಸಮವಸ್ತ್ರದ ಹುಡುಗಿಯರು ಗುಂಪುಗುಂಪಾಗಿ ಬಂದು ಬಸ್ ಹತ್ತುವುದನ್ನು ನೋಡಿದ. ಅವನ ಡೈರಿಯಲ್ಲಿ ಆ ದಿನದ ಪುಟದಲ್ಲಿ ಬರೆದಿರುವುದು ಇಷ್ಟೇ: “ಸಿಕ್ಕಿತು.”

ಕುಟ್ಟಿಚಿರದ ಕೊಳದ ಬದಿ

ಎರಡನೇ ಸಲ ದಕ್ಷಿಣಕ್ಕೆ. ಕಲ್ಲಿಕೋಟೆಯ ಕುಟ್ಟಿಚಿರದಲ್ಲಿ ದೊಡ್ಡ ಕೊಳ ಇದೆ, ಸಂಜೆಯಾದರೆ ಹಿರಿಯರೆಲ್ಲ ಅದರ ಸುತ್ತ ಬಂದು ಕೂರುತ್ತಾರೆ. ಹತ್ತಿರದಲ್ಲೇ ಮಿಶ್ಕಾಲ್ ಪಳ್ಳಿ. ಗುಮ್ಮಟವಿಲ್ಲ, ಮಿನಾರವಿಲ್ಲ, ಮರದ ಕೆಲಸ, ಒಂದರ ಮೇಲೊಂದು ಹಂಚಿನ ಮಾಡು. ಕಟ್ಟಿಸಿದವರು 14ನೇ ಶತಮಾನದ ಹಡಗಿನ ಯಜಮಾನ ಮಿಶ್ಕಾಲ್. ಅವರ ಸಿರಿವಂತಿಕೆಯ ಸುದ್ದಿ ಇಬ್ನ್ ಬತೂತರ ಪುಸ್ತಕದಲ್ಲೂ ಬರುತ್ತದೆ. 1510ರಲ್ಲಿ ಪೋರ್ಚುಗೀಸರು ದಾಳಿ ಮಾಡಿ ಈ ಪಳ್ಳಿಗೆ ಬೆಂಕಿ ಇಟ್ಟರು, ಊರವರು ಮತ್ತೆ ಕಟ್ಟಿಕೊಂಡರು.

ಕೊಳದ ಬದಿಯಲ್ಲಿ ಹುಡುಗನ ಬ್ಯಾರಿಗೆ ಬೆಲೆ ಬಂತು. ನಿಜವಾಗಿಯೂ ‘ಬೆಲೆ’ಯಿಂದಲೇ ಶುರುವಾದದ್ದು. ಹಲ್ವಾ ಅಂಗಡಿಯಲ್ಲಿ ರೇಟು ಕೇಳುವಾಗ ಇವನು ‘ಬೆಲೆ’ ಎಂದ, ಅಂಗಡಿಯವನು ‘ವಿಲ’ ಎಂದ. ಆಮೇಲೆ ಅದೊಂದು ಆಟವೇ ಆಯಿತು. ಅವರ ‘ವಿತ್ತ್’ ನಮ್ಮ ‘ಬಿತ್ತ್’. ಅವರ ‘ವಿಧಿ’ ನಮ್ಮ ‘ಬಿದಿ’. ಅವರು ‘ವ’ ಎನ್ನುವಲ್ಲಿ ನಾವು ‘ಬ’ ಎನ್ನುತ್ತೇವೆ, ಅವರು ನಾಲಗೆ ಮಡಚಿ ‘ಪಳ್ಳಿ’ ಎಂದರೆ ನಾವು ಸೀದಾ ‘ಪಲ್ಲಿ’ ಎನ್ನುತ್ತೇವೆ. ತುಳುವಿನ ನೆಲದಲ್ಲಿ ನೂರಾರು ವರ್ಷ ಬಾಳಿ ನಮ್ಮ ನಾಲಗೆಗೆ ಅಂಟಿದ ಗುಣ ಇದು. ಕೊಳದ ಬದಿಯ ಅಜ್ಜಂದಿರು ಇವನನ್ನು ನಡುವೆ ಕೂರಿಸಿಕೊಂಡು ಒಂದೊಂದೇ ಪದ ಹೇಳಿಸಿ ನಕ್ಕರು. “ಅವರು ನಕ್ಕದ್ದೂ ಹೌದು, ಕಾಲೇಜಲ್ಲಿ ನಗ್ತಿದ್ದದ್ದೂ ಹೌದು. ಆದ್ರೆ ಇಲ್ಲಿ ನಕ್ಕವರು ಇನ್ನೊಮ್ಮೆ ಹೇಳು ಅಂದ್ರು” ಎನ್ನುತ್ತಾನೆ.

ಅವರಲ್ಲೊಬ್ಬರು ತಮ್ಮ ತರವಾಡಿಗೆ ಕರೆದುಕೊಂಡು ಹೋದರು. ಮನೆ ಹೆಂಗಸರ ಸಂತಾನಕ್ಕೆ ಸೇರಿದ್ದು. ಮದುವೆಯಾದ ಗಂಡು ಹೆಂಡತಿಯ ಮನೆಗೆ ಬರುವುದು, ಅಲ್ಲಿ ಅವನಿಗೆಂದೇ ಒಂದು ಕೋಣೆ. ಅಲ್ಲಿ ಮದುಮಗನಿಗೆ ‘ಪುದಿಯಾಪ್ಳ’ ಎನ್ನುತ್ತಾರೆ, ನಮ್ಮಲ್ಲಿ ‘ಪುದಿಯಾಪ್ಳೆ’. ತಟ್ಟೆಯಲ್ಲಿ ಬಂದದ್ದು ಮುಟ್ಟಮಾಲ. ನಮ್ಮ ಮದುವೆ ಮನೆಗಳ ಮುಟ್ಟೆ ಮಾಲೆಯೇ, ಹಳದಿ ಎಳೆ ಎಳೆಯಾಗಿ.

ಅಲ್ಲಿಂದ ಕುಟ್ಟಿಪ್ಪುರಂ ಸ್ಟೇಷನ್, ಮುಂದೆ ಬಸ್ಸಿನಲ್ಲಿ ಪೊನ್ನಾನಿ. 16ನೇ ಶತಮಾನದಲ್ಲಿ ಮಖ್ದೂಮ್ ಮನೆತನದ ವಿದ್ವಾಂಸರು ಕಟ್ಟಿಸಿದ ವಲಿಯ ಪಳ್ಳಿ ಇಲ್ಲಿದೆ. ದೂರದೂರದಿಂದ ಓದಲು ಬಂದ ವಿದ್ಯಾರ್ಥಿಗಳು ಪಳ್ಳಿಯ ದೊಡ್ಡ ತೂಗುದೀಪದ ಸುತ್ತ ಕೂತು ಕಲಿಯುತ್ತಿದ್ದರು. ‘ದೀಪದ ಬಳಿ ಕೂತವನು’ ಎನ್ನುವುದೇ ಅವರಿಗೆ ಪದವಿ, ಹಾಗೆ ಕಲಿತವರು ಮುಸ್ಲಿಯಾರ್ ಆಗುತ್ತಿದ್ದರು. ಇದೇ ಮನೆತನದ ಝೈನುದ್ದೀನ್ ಮಖ್ದೂಮ್ ಅರಬಿಯಲ್ಲಿ ಬರೆದ ‘ತುಹ್ಫತುಲ್ ಮುಜಾಹಿದೀನ್’ನಲ್ಲಿ, ಮಾಲಿಕ್ ದೀನಾರ್ ಸಂಗಡಿಗರ ಕಾಲದಲ್ಲಿ ಕಟ್ಟಲಾಯಿತು ಎನ್ನುವ ಪಳ್ಳಿಗಳ ಪಟ್ಟಿ ಇದೆ. ಅದರಲ್ಲಿ ಮಂಗಳೂರು ಮತ್ತು ಬಾರ್ಕೂರಿನ ಹೆಸರೂ ಇದೆ. “ಮಂಗಳಾಪುರದಿಂದ ಬಂದೆಯಾ? ಹಾಗಾದ್ರೆ ನೀನು ಪಟ್ಟಿಯಲ್ಲಿರುವ ಊರಿನವ” ಎಂದು ಪಳ್ಳಿಯಲ್ಲಿದ್ದ ಹಿರಿಯರು ನಕ್ಕರಂತೆ.

ಸಿಹಿ ಮಾತ್ರ ಅಲ್ಲ

ಎಲ್ಲ ಕಡೆ ಬಿರಿಯಾನಿ, ಹಲ್ವಾ ಸಿಕ್ಕಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೂರನೇ ಪ್ರಯಾಣದಲ್ಲಿ, ಹೆಸರು ಬೇಡದ ಒಂದು ಊರಿನಲ್ಲಿ, ರಾತ್ರಿ ಹನ್ನೊಂದು ಗಂಟೆಗೆ ಲಾಡ್ಜೊಂದರ ಕೌಂಟರಿನಲ್ಲಿ ರೂಮ್ ಇದೆ ಎಂದವರು ಆಧಾರ್ ಕಾರ್ಡ್ ನೋಡಿದ ಮೇಲೆ ಇಲ್ಲ ಎಂದರು. ಹುಡುಗ ವಾದಿಸಲಿಲ್ಲ. ಸ್ಟೇಷನ್ನಿನ ವೇಟಿಂಗ್ ಹಾಲ್‌ಗೆ ಬಂದು ಬ್ಯಾಗ್ ತಲೆಯಡಿ ಇಟ್ಟು ಮಲಗಿದ. ಪ್ಲಾಟ್‌ಫಾರ್ಮಿನ ಚಹಾದವರು ಬೆಳಗ್ಗೆ ಎಬ್ಬಿಸಿ, “ಬ್ಯಾಗ್ ಹೀಗೆ ಬಿಟ್ಟು ನಿದ್ದೆ ಮಾಡ್ತಾರಾ? ರಾತ್ರಿಯಿಡೀ ನಾನೇ ನೋಡ್ಕೊಂಡೆ” ಎಂದು ಬೈದು ಒಂದು ಗ್ಲಾಸ್ ಚಹಾ ಕೊಟ್ಟರು. ಹಣ ತೆಗೆದುಕೊಳ್ಳಲಿಲ್ಲ.

ಆ ಲಾಡ್ಜಿನ ವಿಷಯ ಅವನು ಮನೆಯಲ್ಲಿ ಹೇಳಿರಲಿಲ್ಲ. ನಮ್ಮೆದುರು ಮೊದಲ ಸಲ ಹೇಳಿದ. ಉಮ್ಮನ ಮುಖ ಸಣ್ಣದಾಯಿತು. “ಅದಕ್ಕೇ ಹೇಳಿದ್ದು ನಾನು” ಎಂದರು. “ಚಹಾದವರ ಕಥೆಯನ್ನೂ ಹೇಳಿದೆನಲ್ಲಾ ಉಮ್ಮಾ” ಎಂದ ಮಗ. ಇಬ್ಬರೂ ಹೇಳಿದ್ದು ಸರಿ. ಭಯಕ್ಕೆ ಕಾರಣವೇ ಇಲ್ಲ ಎಂದು ಆ ತಾಯಿಗೆ ಹೇಳುವ ಧೈರ್ಯ ನಮಗೂ ಇಲ್ಲ. ಆದರೆ ಆ ಕಾರಣ ಇಡೀ ದಾರಿಯನ್ನು ತುಂಬಿಕೊಂಡಿಲ್ಲ ಎನ್ನುವುದನ್ನು ಹೋಗಿ ಬಂದವನ ಬಾಯಿಂದಲೇ ಕೇಳಬೇಕು.

ತಿರುಚೆಂದೂರ್ ರೈಲಿನ ಅಮ್ಮ

ಅದೇ ಪ್ರಯಾಣದ ಮುಂದಿನ ಭಾಗ ಇದು. ನಾಗರಕೋಯಿಲ್ ದಾಟಿ ತಿರುನೆಲ್ವೇಲಿ, ಅಲ್ಲಿಂದ ತಿರುಚೆಂದೂರಿನ ಪ್ಯಾಸೆಂಜರ್ ರೈಲು. ಕಾಯಲ್‌ಪಟ್ಟಣಂ ಇರುವುದು ತಿರುಚೆಂದೂರಿಗೆ ಹಿಂದಿನ ಸ್ಟೇಷನ್. ತಿರುಚೆಂದೂರ್ ಎಂದರೆ ಸಮುದ್ರದ ದಂಡೆಯ ಮುರುಗನ ದೊಡ್ಡ ಕ್ಷೇತ್ರ. ಬೋಗಿಯ ತುಂಬ ದರ್ಶನಕ್ಕೆ ಹೊರಟವರು, ವಿಭೂತಿ, ಹೂವು, ಹಾಡು. ಇವನು ಮೂಲೆಯಲ್ಲಿ ಬ್ಯಾಗ್ ಅಪ್ಪಿಕೊಂಡು ಕೂತ.

ಎದುರು ಕೂತಿದ್ದ ಅಮ್ಮ ಡಬ್ಬ ಬಿಚ್ಚಿದರು, ಹುಳಿಯನ್ನ. ಮುಚ್ಚಳದಲ್ಲಿ ಹಾಕಿ ಇವನ ಕಡೆ ನೀಡಿದರು. ಆಮೇಲೆ ಉಮ್ಮ ಹೆದರುತ್ತಿದ್ದ ಆ ಪ್ರಶ್ನೆ ಬಂತು: “ಪೇರ್ ಎನ್ನ ತಂಬಿ?” ಹುಡುಗ ಒಂದು ಕ್ಷಣ ಸುಮ್ಮನಾದ. ಆಮೇಲೆ ತನ್ನ ಹೆಸರನ್ನೇ ಹೇಳಿದ. ಅಮ್ಮ ಕಣ್ಣು ಮಿಟುಕಿಸಲಿಲ್ಲ. “ಹಾಗಾದ್ರೆ ನೀನು ಕಾಯಲ್‌ಪಟ್ಟಣದಲ್ಲಿ ಇಳಿಯುವವ. ಊಟ ಮಾಡಿ ಮಲಗು, ಸ್ಟೇಷನ್ ಬಂದಾಗ ನಾನು ಎಬ್ಬಿಸ್ತೇನೆ” ಎಂದು ಇನ್ನೊಂದು ಸೌಟು ಹಾಕಿದರು. ಹೇಳಿದ ಹಾಗೆ ಎಬ್ಬಿಸಿ ಇಳಿಸಿದರು.

ಇಬ್ನ್ ಬತೂತರ ಕಾಲದಲ್ಲಿ ಈ ಪಡುವಣ ಕರಾವಳಿಯಲ್ಲಿ ಹೀಗಿರಲಿಲ್ಲ. ದಾರಿಯಲ್ಲಿ ಪಯಣಿಗರಿಗೆಂದು ಮರದ ತಂಗುಕಟ್ಟೆಗಳಿದ್ದವು, ಬಾವಿಗಳಿದ್ದವು, ಮುಸ್ಲಿಂ ವ್ಯಾಪಾರಿಗಳಿಗೆ ಗೌರವವೂ ಇತ್ತು. ಆದರೆ ಬೇರೆ ಮತದವರ ಮನೆಯೊಳಗೆ ಪ್ರವೇಶವಿಲ್ಲ, ಒಟ್ಟಿಗೆ ಊಟವಿಲ್ಲ. ದಾರಿಯುದ್ದಕ್ಕೂ ಮುಸ್ಲಿಮರ ಮನೆಗಳು ಇದ್ದ ಕಾರಣಕ್ಕೆ ಮಾತ್ರ ತನ್ನಂಥವರು ಓಡಾಡಲು ಸಾಧ್ಯವಾಯಿತು ಎಂಬರ್ಥದಲ್ಲಿ ಅವರು ಬರೆದಿದ್ದಾರೆ. ನಮ್ಮ ಮಂಗಳೂರಿನಲ್ಲೇ ಸುಮಾರು 4,000 ಮುಸ್ಲಿಮರು ಇದ್ದರೆಂದೂ ಬರೆದಿದ್ದಾರೆ. ಆ ಕಾಲಕ್ಕೂ ಈ ಕಾಲಕ್ಕೂ ಏನು ಬದಲಾಗಿದೆ ಎಂದು ಕೇಳುವವರಿಗೆ ಹುಡುಗ ತೋರಿಸುವುದು ಆ ಮುಚ್ಚಳದ ಹುಳಿಯನ್ನವನ್ನು.

ಕಾಯಲ್‌ಪಟ್ಟಣದಲ್ಲಿ ಮಂಜಿಯ ಅಣ್ಣ ಹೇಳಿದ್ದೆಲ್ಲ ನಿಜವಾಯಿತು. ಪಳ್ಳಿ ಅಲ್ಲೂ ಪಳ್ಳಿಯೇ. ತಮಿಳನ್ನು ಅರಬಿ ಲಿಪಿಯಲ್ಲಿ ಬರೆಯುವ ಅರ್ವಿ ಕಿತಾಬುಗಳನ್ನು ಒಬ್ಬರು ತೋರಿಸಿದರು. ಕಲ್ಲಿಕೋಟೆಯ ಖಾಝಿ ಮುಹಮ್ಮದ್ 1607ರಲ್ಲಿ ರಚಿಸಿದ ‘ಮುಹಿಯುದ್ದೀನ್ ಮಾಲೆ’ ಅರಬಿ ಮಲಯಾಳಂನಲ್ಲಿ ಇದ್ದ ಹಾಗೆ, ಇಲ್ಲಿ ತಮಿಳಿಗೂ ಅದೇ ಅಂಗಿ. ಇಲ್ಲೂ ಮನೆ ಹೆಣ್ಣುಮಕ್ಕಳಿಗೆ, ಅಳಿಯ ಹೆಂಡತಿಯ ಮನೆಗೆ ಬರುವುದು. ಮನೆಗಳ ನಡುವಿನ ಕಿರಿದಾದ ಓಣಿಗಳು ಹೆಂಗಸರ ಓಡಾಟಕ್ಕೆಂದೇ ಇರುವುದರಿಂದ, ದಾರಿ ತಿಳಿಯದೆ ಅಂಥದ್ದೊಂದರ ಬಾಯಿಗೆ ಹೋದವನನ್ನು ಸಣ್ಣ ಹುಡುಗನೊಬ್ಬ ಕೈ ಹಿಡಿದು ಬೀದಿಗೆ ತಂದು ಬಿಟ್ಟ. ರಾತ್ರಿ ಒಂದು ಮದುವೆ ಮನೆಯಲ್ಲಿ ದೊಡ್ಡ ಹರಿವಾಣದ ಸುತ್ತ ಗುರುತಿಲ್ಲದ ಮೂವರ ಜೊತೆ ಕೂತು ಉಂಡ. “ಬಡಿಸುವವರು ಬಕೆಟ್ ಹಿಡಿದುಕೊಂಡು ಓಡುವುದನ್ನು ನೋಡಿ ಕೈ ತುರಿಸಿತು. ಎದ್ದು ನಾನೂ ಎರಡು ಸಾಲು ಬಡಿಸಿದೆ” ಎಂದು ನಗುತ್ತಾನೆ ನಮ್ಮ ಕ್ಯಾಟರಿಂಗ್ ಹುಡುಗ.

ಕಂಪೌಂಡಿನ ಆಚೆ

ಊರಿಗೆ ಬಂದ ಮೇಲೆ ಅವನಿಗೆ ಒಂದು ಲೆಕ್ಕ ಹೊಳೆಯಿತು. “ಮೂರು ರಾಜ್ಯದಲ್ಲಿ ಗುರುತಿಲ್ಲದವರ ಮನೆಯಲ್ಲಿ, ಗುರುತಿಲ್ಲದವರ ಡಬ್ಬದಲ್ಲಿ ಉಂಡೆ. ನಮ್ಮ ಕಂಪೌಂಡಿಗೆ ತಾಗಿದ ಮನೆಯೊಳಗೆ ಹೋಗದೆ ಎಷ್ಟು ವರ್ಷ ಆಯ್ತು ಅಂತ ಎಣಿಸಿದೆ. ಹತ್ತು.” ಸಣ್ಣವನಿರುವಾಗ ಆ ಮನೆಯ ಮಕ್ಕಳ ಜೊತೆ ಕ್ರಿಕೆಟ್ ಆಡಿದವನು. ಜಗಳ ಆದದ್ದಲ್ಲ. ಗಲಾಟೆಯ ಕಾಲವೊಂದು ಬಂತು, ಗೇಟುಗಳು ಹಾಕಿಕೊಂಡವು, ಆಮೇಲೆ ಯಾರೂ ತೆರೆಯಲಿಲ್ಲ.

ತಂದಿದ್ದ ಹಲ್ವಾದಲ್ಲಿ ಒಂದು ಪಾಲು ಡಬ್ಬದಲ್ಲಿ ಹಾಕಿ ಉಮ್ಮನ ಕೈಗೇ ಕೊಟ್ಟ. ಉಮ್ಮ ಹೋದರು. ಮೂರು ದಿನ ಬಿಟ್ಟು ಡಬ್ಬ ವಾಪಸ್ ಬಂತು, ಖಾಲಿ ಬರಲಿಲ್ಲ, ಬಿಸಿ ಗೋಳಿಬಜೆ ಇತ್ತು. ಇದರಿಂದ ಜಿಲ್ಲೆ ಸರಿಹೋಗುತ್ತದೆ ಎಂದು ನಾವು ಹೇಳುತ್ತಿಲ್ಲ. ಒಂದು ಗೇಟು ತೆರೆಯಿತು ಎಂದಷ್ಟೇ ಹೇಳುತ್ತಿದ್ದೇವೆ.

ಮನೆಯೊಳಗೂ ಒಂದು ಬದಲಾವಣೆ ಆಗಿದೆ. ಬ್ಯಾರಿ ಸಾಹಿತ್ಯ ಅಕಾಡೆಮಿ 2007ರಲ್ಲಿ ಬಂತು, ‘ಬ್ಯಾರಿ’ ಸಿನಿಮಾಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂತು, ಪುಸ್ತಕಗಳು ಬರುತ್ತಿವೆ. ಆದರೆ ಊಟದ ತಟ್ಟೆಯ ಮುಂದೆ ಮಕ್ಕಳು ಆಡದ ಭಾಷೆಯನ್ನು ಅಕಾಡೆಮಿ ಒಂದೇ ಉಳಿಸಲಾರದು. ಈಗ ಈ ಮನೆಯಲ್ಲಿ ರಾತ್ರಿ ಊಟದ ಹೊತ್ತು ಬೇರೆ ಭಾಷೆ ಆಡಿದವರು ಪಾತ್ರೆ ತೊಳೆಯಬೇಕು ಎಂಬ ಕಾನೂನು. ಹೆಚ್ಚು ತೊಳೆದವರು ಉಪ್ಪ ಎಂದು ಗೊತ್ತಾಯಿತು. ಹುಡುಗ ಕಾಲೇಜಿನಲ್ಲಿ ಈಗ ಫೋನ್ ಕಟ್ ಮಾಡುವುದಿಲ್ಲ.

ಹೊರಡಬೇಕೆಂದಿರುವ ಬೇರೆ ಹುಡುಗರಿಗೆ ಅವನು ಹೇಳುವ ಮಾತುಗಳು ಸರಳ. ಹೊಸ ಊರಿಗೆ ಬೆಳಕಿರುವಾಗಲೇ ತಲುಪಿ. ಗುರುತಿನ ಚೀಟಿಯ ಎರಡು ಜೆರಾಕ್ಸ್ ಬೇರೆಬೇರೆ ಕಡೆ ಇರಲಿ. ದಿನಕ್ಕೊಮ್ಮೆ ಮನೆಗೆ ಫೋನ್ ಮಾಡಿ ಎಲ್ಲಿದ್ದೀರಿ ಎಂದು ಹೇಳಿ. ಕರೆದವರ ಮನೆಗೆ ಬರಿಗೈಯಲ್ಲಿ ಹೋಗಬೇಡಿ, ಕಾಲು ಕಿಲೋ ಬಿಸ್ಕತ್ತಾದರೂ ಸಾಕು. ಫೋಟೋ ತೆಗೆಯುವ ಮೊದಲು ಕೇಳಿ. ಹೆಸರು ಕೇಳಿದರೆ ನಿಮ್ಮ ಹೆಸರನ್ನೇ ಹೇಳಿ.

ನಾವು ಹೊರಡುವ ಹೊತ್ತಿಗೆ ಪಿಯುಸಿಯಲ್ಲಿರುವ ಅವನ ತಂಗಿ ಹೊನ್ನಾವರದ ಪುಟ ತೆರೆದುಕೊಂಡು ಬಂದಳು. “ಹದಿಮೂರು ಶಾಲೆ ಹುಡುಗಿಯರದ್ದು. ನೋಡ್ಲಿಕ್ಕೆ ಹೋದದ್ದು ಇವ. ನನ್ನ ಸರದಿ ಯಾವಾಗ?” ಎಂದು ಕೇಳಿದಳು. ಅಣ್ಣ ಉಮ್ಮನ ಮುಖ ನೋಡಿದ. ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಬ್ಬಳನ್ನೇ ಕಳಿಸ್ಲಿಕ್ಕೆ ನನಗೆ ಧೈರ್ಯ ಇಲ್ಲ. ನಾನೂ ಬರ್ತೇನೆ” ಎಂದರು. ಈ ಬೇಸಿಗೆ ರಜೆಗೆ ಮೂರು ಟಿಕೆಟ್ ಆಗಿದೆ.